ಸೆಟ್ ಇಲ್ಲದ ಹಾಲ್‌ಗೆ ಒಂದು ಬಣ್ಣ

ಹೊಸ ಮನೆ ಕಟ್ಟಿ ಮುಗಿಸಿದವರ ಹತ್ತಿರ ಕೊನೆಗೆ ಉಳಿಯುವುದು ಎರಡೇ: ಬಣ್ಣ ಕಾಣದ ಗೋಡೆ ಮತ್ತು ಖಾಲಿ ಕಿಸೆ. ಕಲ್ಲು, ಸಿಮೆಂಟು, ಕಬ್ಬಿಣ, ಮೇಸ್ತ್ರಿಯ ಕೂಲಿ, ಬಾವಿಗೆ ಪಂಪ್ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇವೆ. ಒಳಗೆ ಕುಳಿತುಕೊಳ್ಳಲು ಎಂತ ಬೇಕು, ಅದಕ್ಕೆ ಎಷ್ಟು ಬೇಕು ಎಂಬುದನ್ನು ಮಾತ್ರ ಯಾರೂ ಮೊದಲು ಬರೆಯುವುದಿಲ್ಲ. ಆಮೇಲೆ ಮನೆ ಒಕ್ಕಲಿನ ದಿನ ಹತ್ತಿರ ಬಂದಾಗ ಅವಸರದಲ್ಲಿ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಒಂದೇ ಬಣ್ಣದ, ಒಂದೇ ಅಚ್ಚಿನ ಸೋಫಾ ಸೆಟ್ ಕಾಯುತ್ತಾ ಇರುತ್ತದೆ. ಜೊತೆಗೆ ಕಂತಿನ ಫಾರ್ಮ್ ಕೂಡ.

ಕೆದಂಬಾಡಿಯ ನಮ್ಮ ಹೊಸ ಮನೆ ಐದು ಸೆಂಟ್ಸ್ ಜಾಗದಲ್ಲಿದೆ. ಕೆಂಪು ಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ, ಒಂದು ಹಾಲ್, ಎರಡು ಕೋಣೆ. ಬಾಡಿಗೆ ಮನೆಯಿಂದ ನಾವು ತಂದ ಸಾಮಾನಿನಲ್ಲಿ ಒಂದಕ್ಕೊಂದು ಸಂಬಂಧ ಇರಲಿಲ್ಲ. ದಾದಿಯ ತಖ್ತ್, ಅಂದರೆ ಹಲಸಿನ ಹಲಗೆಯ ಅಗಲವಾದ ತಗ್ಗು ಮಂಚ. ಬೂದು ಬಣ್ಣ ಎದ್ದುಹೋದ ಸ್ಟೀಲ್ ಕಪಾಟು. ಅಮ್ಮಿಯ ಮದುವೆಯ ತಗಡಿನ ಟ್ರಂಕ್. ನಾಲ್ಕು ಕೆಂಪು ಪ್ಲಾಸ್ಟಿಕ್ ಕುರ್ಚಿ. ಮಳೆಗಾಲ ಮುಗಿಯುವ ಹೊತ್ತಿಗೆ ಆಪಾಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. "ಇದರ ನಡುವೆ ಅವರನ್ನು ಎಲ್ಲಿ ಕೂರಿಸುವುದು?" ಎಂದು ಅಬ್ಬಾ ಸೋಫಾ ಸೆಟ್ ನೋಡಿ ಬಂದರು. ತಖ್ತ್‌ಗೆ ಗುಜರಿಯವರು 800 ರೂಪಾಯಿ ಹೇಳಿ ಹೋದರು. ದಾದಿ ಏನೂ ಹೇಳಲಿಲ್ಲ. ತಖ್ತ್ ಮೇಲೆ ಹರಡಿದ್ದ ಅಡಿಕೆ, ಅಡಕತ್ತರಿ ಎಲ್ಲವನ್ನೂ ಎತ್ತಿ ಡಬ್ಬಿಗೆ ಹಾಕಿ ಮುಚ್ಚಿಟ್ಟರು.

ಆಗ ನಾನು ಕಾಮರ್ಸ್ ವಿದ್ಯಾರ್ಥಿ ಮಾಡುವ ಕೆಲಸವನ್ನೇ ಮಾಡಿದೆ. ಲೆಕ್ಕ ಹಾಕಿದೆ. 60,000 ರೂಪಾಯಿಯ ಸೆಟ್ ಎಂದು ಇಟ್ಟುಕೊಳ್ಳಿ. ಫ್ಲಾಟ್ ದರದಲ್ಲಿ ಶೇಕಡಾ 12ರಂತೆ ಒಂದು ವರ್ಷಕ್ಕೆ 7,200 ರೂಪಾಯಿ ಬಡ್ಡಿ. ತಿಂಗಳ ಕಂತು 5,600. ಕೇಳುವಾಗ ಸಣ್ಣದೇ. ಆದರೆ ಪ್ರತಿ ತಿಂಗಳೂ 5,000 ಅಸಲು ವಾಪಸ್ ಹೋಗುತ್ತಲೇ ಇದೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 60,000ದ ಮೇಲೆಯೇ ನಿಂತಿದೆ. ವರ್ಷದ ಸರಾಸರಿ ಬಾಕಿ ತೆಗೆದರೆ 32,500 ಬರುತ್ತದೆ. 7,200ನ್ನು ಅದರಿಂದ ಭಾಗಿಸಿ ನೋಡಿ, ನಿಜವಾದ ದರ ಸುಮಾರು ಶೇಕಡಾ 22. ಬಡ್ಡಿಯ ವ್ಯವಹಾರ ಬೇಡ ಎನ್ನುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇರುವ ಮಾತು. ಆ ಮಾತನ್ನು ಪಕ್ಕಕ್ಕಿಟ್ಟರೂ ಈ ಲೆಕ್ಕ ಸೋಫಾದ ಪರವಾಗಿ ಇರಲಿಲ್ಲ.

ಹಾಗಾದರೆ ಸೆಟ್ ಇಲ್ಲದೆ ಒಂದು ಹಾಲ್ ಹಾಲ್‌ನಂತೆ ಕಾಣುವುದು ಹೇಗೆ? ಸೋಫಾ ಸೆಟ್ ನಿಜವಾಗಿ ಮಾರುವುದು ಕುರ್ಚಿಯನ್ನಲ್ಲ, ಹೊಂದಾಣಿಕೆಯನ್ನು. ಮೂರು ತುಂಡುಗಳೂ ಒಂದೇ ಬಟ್ಟೆ ಹಾಕಿಕೊಂಡಿರುವುದರಿಂದ ನೋಡಿದವರಿಗೆ "ಇವು ಒಂದೇ ಮನೆಯವು" ಅನ್ನಿಸುತ್ತದೆ. ಆ ಕೆಲಸವನ್ನು ಬಣ್ಣ ಒಂದರಿಂದಲೇ ಮಾಡಿಸಬಹುದು, ಅದೂ ಬಹಳ ಅಗ್ಗದಲ್ಲಿ.

ಪೇಂಟ್ ಅಂಗಡಿಯ ಕ್ಯಾಟಲಾಗಿನಲ್ಲಿ ಇದಕ್ಕೆ ಆಕ್ಸೆಂಟ್ ಕಲರ್ ಎನ್ನುತ್ತಾರೆ. ಒತ್ತು ಬಣ್ಣ ಎನ್ನೋಣ. ಬಾಳೆ ಎಲೆಯ ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ: ಪ್ರಮಾಣ ಕಡಿಮೆ, ಆದರೆ ನಾಲಗೆಗೆ ನೆನಪಿರುವುದು ಅದೇ. ಒಳಾಂಗಣ ವಿನ್ಯಾಸದವರು 60-30-10 ಎಂಬ ಒಂದು ಅಂದಾಜು ಹೇಳುತ್ತಾರೆ. ಕಣ್ಣಿಗೆ ಬೀಳುವುದರಲ್ಲಿ ನೂರಕ್ಕೆ ಅರವತ್ತು ಪಾಲು ಒಂದು ತಣ್ಣನೆಯ ಬಣ್ಣ, ಮೂವತ್ತು ಪಾಲು ಇನ್ನೊಂದು, ಕೊನೆಯ ಹತ್ತು ಪಾಲು ಈ ಒತ್ತು ಬಣ್ಣ. ಹಾಲ್ ಬ್ಯಾಲೆನ್ಸ್ ಶೀಟ್ ಅಲ್ಲ, ಎರಡೂ ಬದಿ ಸರಿಹೊಂದಲೇಬೇಕೆಂದಿಲ್ಲ. ಆದರೂ ಆ ಹತ್ತು ಎನ್ನುವ ಸಂಖ್ಯೆ ಒಳ್ಳೆಯ ಕಾವಲುಗಾರ. ನಾಲ್ಕೂ ಗೋಡೆಗೆ ಗಾಢ ಬಣ್ಣ ಬಳಿದರೆ ಅದು ಒತ್ತು ಆಗುವುದಿಲ್ಲ, ಕೂಗಾಟ ಆಗುತ್ತದೆ.

ನಮ್ಮ ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 520 ಚದರ ಅಡಿ, ನೆಲ ಮತ್ತು ಮಾಡು ತಲಾ 168, ಒಟ್ಟು 856. ಅಗಲದ ಬದಿಯ ಒಂದು ಗೋಡೆ 120 ಚದರ ಅಡಿ. ಅದರಲ್ಲಿ ಬಾಗಿಲಿನ 21 ಕಳೆದರೆ 99. ಒಟ್ಟಿನ ಹನ್ನೊಂದು ಹನ್ನೆರಡು ಪಾಲು. ಅಂದರೆ ಒಂದೇ ಒಂದು ಗೋಡೆ ಸಾಕು. ನಯವಾದ ಗೋಡೆಯಾದರೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು ನೂರು ಚದರ ಅಡಿ ಬರುತ್ತದೆ. ಸೋಫಾ ಸೆಟ್‌ಗೆ ಬದಲಿ ಎಂದರೆ ಈ ಒಂದು ಲೀಟರಿನ ಡಬ್ಬಿ.

ಯಾವ ಬಣ್ಣ ಎನ್ನುವುದಕ್ಕಿಂತ ಮೊದಲು ಯಾವ ಗೋಡೆ ಎಂದು ಕೇಳಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಮಳೆ ಹೊಡೆಯುವುದು ಪಶ್ಚಿಮದ, ನೈಋತ್ಯದ ಗೋಡೆಗೆ. ಕೆಂಪು ಕಲ್ಲು ನೀರು ಕುಡಿಯುವ ಕಲ್ಲು. ಒದ್ದೆ ಒಳಗೆ ಬಂದಾಗ ಗಾರೆಯಲ್ಲಿರುವ ಲವಣ ಮೇಲೆ ಬಂದು ಬಿಳಿ ಪುಡಿಯಂತೆ ಕೂರುತ್ತದೆ. ಬಿಳಿ ಗೋಡೆಯ ಮೇಲೆ ಅದು ಅಷ್ಟಾಗಿ ಕಾಣದು, ಗಾಢ ನೀಲಿಯ ಮೇಲೆ ಸುಣ್ಣ ಎರಚಿದ ಹಾಗೆ ಕಾಣುತ್ತದೆ. ಆದ್ದರಿಂದ ಒತ್ತು ಬಣ್ಣಕ್ಕೆ ಹೊರಗಿನ ಮಳೆ ತಾಗದ, ಎರಡು ಕೋಣೆಗಳ ನಡುವಿನ ಗೋಡೆಯೇ ಒಳ್ಳೆಯದು. ಹೊಸ ಗಾರೆ ಆರುವವರೆಗೆ ಅವಸರ ಮಾಡಬಾರದು. ಆರಿದೆಯೇ ಎಂದು ತಿಳಿಯಲು ನಮ್ಮ ಪೇಂಟರ್ ಒಂದು ಸುಲಭ ಉಪಾಯ ತೋರಿಸಿದರು: ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮಾರನೇ ದಿನ ತೆಗೆದು ನೋಡಬೇಕು. ಒಳಬದಿ ಬೆವರಿದ್ದರೆ ಗೋಡೆ ಇನ್ನೂ ಒದ್ದೆ.

ಈಗ ಬಣ್ಣದ ವಿಷಯ. ನಮ್ಮ ನೆಲಕ್ಕೆ ಇಟ್ಟಿಗೆ ಬಣ್ಣದ ಟೈಲ್ಸ್ ಹಾಕಿಸಿದ್ದೇವೆ. ಶೋಕಿಗಲ್ಲ. ಕೆದಂಬಾಡಿಯ ಮಣ್ಣು ಆ ಬಣ್ಣದ್ದು; ಮಳೆಗಾಲದಲ್ಲಿ ಕ್ರೀಮ್ ಟೈಲ್ಸ್ ಮೇಲೆ ನಡೆದರೆ ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದು ಪೊಲೀಸರು ಬಂದು ಹೇಳಬಹುದು. ಹಿಂದಿನವರೂ ಇದನ್ನೇ ಮಾಡಿದ್ದರು. ಊರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನೆನಪಿಸಿಕೊಳ್ಳಿ: ಕೆಂಪು ನೆಲ, ಬಿಳಿ ಸುಣ್ಣದ ಗೋಡೆ, ಎರಡೂ ಸೇರುವಲ್ಲಿ ಒಂದು ಗೇಣು ಕಪ್ಪು ಪಟ್ಟಿ. ಆ ಕಪ್ಪು ಪಟ್ಟಿಯೇ ಒತ್ತು ಬಣ್ಣ. ಮೇಲಿನ ಹಂಚೂ ಕೆಂಪು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಕೆಂಪು ನಮ್ಮ ಜಿಲ್ಲೆಯ ಗುರುತೇ ಆಗಿಹೋಯಿತು.

ನೆಲ ಕೆಂಪಾಗಿದ್ದರೆ ಗೋಡೆಯ ಬಣ್ಣ ನಾವು ಕಾರ್ಡಿನಲ್ಲಿ ನೋಡಿದ ಹಾಗೆ ಇರುವುದಿಲ್ಲ. ಇದನ್ನು ವಿವರಿಸಿದವರು ಷೆವ್ರೂಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೊಬ್ಲಾಂ ಎಂಬ ಜಮಖಾನೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಅವರು ಮುಖ್ಯಸ್ಥರಾಗಿದ್ದರು. ಕಪ್ಪು ಬಣ್ಣ ಸರಿಯಿಲ್ಲ, ಮಂಕಾಗಿದೆ ಎಂದು ನೇಕಾರರಿಂದ ದೂರು ಬರುತ್ತಿತ್ತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಯ ಎಳೆಗಳು ಅದನ್ನು ಮಂಕಾಗಿ ತೋರಿಸುತ್ತಿದ್ದವು. 1839ರಲ್ಲಿ ಅವರು ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಸಾರ ಇಷ್ಟು: ಪ್ರತಿಯೊಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಕೆಂಪು ನೆಲದ ಪಕ್ಕದ ಬಿಳಿ ಗೋಡೆ ಸ್ವಲ್ಪ ಹಸಿರಾಗಿ ಕಂಡರೆ ಪೇಂಟರನ್ನು ಬೈಯಬೇಡಿ. ಅದೇ ಕಾರಣಕ್ಕೆ ಕೆಂಪಿನ ಎದುರಿಗೆ ಹಸಿರು ಬೆರೆತ ನೀಲಿ ಇಟ್ಟರೆ ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ನಾವು ಆರಿಸಿದ್ದು ಅದನ್ನೇ, ನವಿಲಿನ ಕತ್ತಿನ ಬಣ್ಣ. ಉಳಿದ ಮೂರು ಗೋಡೆಗೆ ಹಾಲಿನ ಕೆನೆಯ ಬಿಳಿ.

ಅಂಗಡಿಯಲ್ಲೇ ಬಣ್ಣ ನಿಶ್ಚಯ ಮಾಡಬೇಡಿ. ಬೆರಳಗಲದ ಕಾರ್ಡಿನಲ್ಲಿ ಎಲ್ಲ ಬಣ್ಣವೂ ಸಾಧುವೇ. ಸಣ್ಣ ಸ್ಯಾಂಪಲ್ ಡಬ್ಬಿ ತಂದು ಒಂದು ಡ್ರಾಯಿಂಗ್ ಶೀಟ್ ತುಂಬ ಬಳಿದು, ಬೆಳಿಗ್ಗೆ, ಸಂಜೆ, ರಾತ್ರಿ ಲೈಟ್ ಹಾಕಿದಾಗ ಬೇರೆ ಬೇರೆ ಕಡೆ ನಿಲ್ಲಿಸಿ ನೋಡಿ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಜುಲೈ ತಿಂಗಳ ಹಗಲೂ ಮುಸ್ಸಂಜೆಯ ಹಾಗೆ. ಬಲ್ಬಿನದ್ದೂ ಒಂದು ಪಾಲಿದೆ. ಪೊಟ್ಟಣದ ಮೇಲೆ 6500 ಕೆಲ್ವಿನ್ ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು, ಅದರಲ್ಲಿ ಇಟ್ಟಿಗೆ ಬಣ್ಣ ಸತ್ತ ಹಾಗೆ ಕಾಣುತ್ತದೆ. 2700 ಅಥವಾ 3000 ಎಂದಿದ್ದರೆ ಹಳದಿ ಬೆಳಕು, ಮರಕ್ಕೂ ಮಣ್ಣಿನ ಬಣ್ಣಕ್ಕೂ ಅದು ಚೆನ್ನ. ಓದುವ ಮೇಜಿಗೆ ಬಿಳಿಯದ್ದೇ ಇರಲಿ.

ಇನ್ನು ಸಾಮಾನು. ಬೇರೆ ಬೇರೆ ಕಾಲದ, ಬೇರೆ ಬೇರೆ ಕಡೆಯ ಪೀಠೋಪಕರಣಗಳನ್ನು ಬೆರೆಸಿ ಇಡುವುದು ಈಗ ದೊಡ್ಡ ಊರುಗಳಲ್ಲಿ ಫ್ಯಾಷನ್. ನಮ್ಮ ಕಡೆ ಅದಕ್ಕೆ ಹೆಸರಿರಲಿಲ್ಲ ಅಷ್ಟೆ. ನನ್ನ ಬ್ಯಾರಿ ಗೆಳತಿಯರ ಹಿರಿಯರ ಮನೆಗೆ ಹೋದರೆ ಭತ್ತ ತುಂಬುತ್ತಿದ್ದ ಪತ್ತಾಯದ ಪಕ್ಕದಲ್ಲೇ ಗಲ್ಫ್‌ನಿಂದ ಬಂದ ಗೋಡೆ ಗಡಿಯಾರ, ಅದರ ಕೆಳಗೆ ಬೆತ್ತದ ಕುರ್ಚಿ. ಯಾರೂ ಡಿಸೈನ್ ಮಾಡಿದ್ದಲ್ಲ, ಬಂದದ್ದು ಬಂದ ಹಾಗೆ ಉಳಿದದ್ದು.

ರಾಜರೂ ಇದನ್ನು ಮಾಡಿದ್ದಾರೆ. ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹ ಅದಕ್ಕೆ ಈಗಿನ ರೂಪ ಕೊಟ್ಟ. ಅಲ್ಲಿ ಕೆತ್ತನೆಯ ಮರದ ಕಂಬಗಳಿವೆ, ಬಣ್ಣದ ಹೆಂಚುಗಳಿವೆ, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ಇದೆ. ಮೂರೂ ಬೇರೆ ಬೇರೆ ಕೈಗಳ ಕಸುಬು. ಕಪ್ಪು ಕಲ್ಲು ಹೆಚ್ಚು, ಹೊಳೆಯುವ ಚಿಪ್ಪು ಕಡಿಮೆ. ಅದರಿಂದಲೇ ಚಿಪ್ಪಿಗೆ ಬೆಲೆ. ಅದೇ ಊರಿನ ಬಿದ್ರಿ ಪಾತ್ರೆಯ ಗುಟ್ಟೂ ಇದೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಬೆಳ್ಳಿ ಕಪ್ಪಾಗುವುದಿಲ್ಲ, ಹಾಗಾಗಿ ಎದ್ದು ಕಾಣುತ್ತದೆ. ಪೂರ್ತಿ ಬೆಳ್ಳಿಯ ಹೂದಾನಿ ಇದ್ದರೆ ಅದು ಬರೀ ಬೆಳ್ಳಿಯ ಹೂದಾನಿ.

ರಾಜರ ಮಾತು ಹೋಗಲಿ, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಮನೆಯ ಮಗ್ಗದಲ್ಲಿ ನೇಯುವ ಜಮಖಾನೆಗಳನ್ನೇ ನೋಡಿ. ನವಿಲು, ಪಗಡೆ ಹಾಸಿನ ಚೌಕಟ್ಟು ಅವುಗಳ ಗುರುತು, ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಒಂದೇ ಹಾಸಿನಲ್ಲಿ ಹಲವು ಗಾಢ ಬಣ್ಣ. ಅಂಥದ್ದೊಂದು ನೆಲದ ಮೇಲಿದ್ದರೆ ಒತ್ತು ಬಣ್ಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ, ಅದರೊಳಗಿನ ಒಂದು ಬಣ್ಣವನ್ನು ಎತ್ತಿ ಗೋಡೆಗೆ ಕೊಟ್ಟರಾಯಿತು. ನಮ್ಮಲ್ಲಿ ಅದಿಲ್ಲ, ಆಸೆ ಮಾತ್ರ ಉಂಟು.

ಬೆರೆಸುವುದಕ್ಕೂ ಒಂದು ಕ್ರಮವಿದೆ. ಆಕಾರ ಬೇರೆಯಾದರೂ ಕೂರುವ ಎತ್ತರ ಒಂದೇ ಇರಲಿ. ಸಾಮಾನ್ಯ ಕುರ್ಚಿಯ ಎತ್ತರ 17-18 ಇಂಚು. ದಾದಿಯ ತಖ್ತ್ 14 ಇಂಚು ಇತ್ತು. ಮೇಲೆ ಮೂರು ಇಂಚಿನ ಹಾಸಿಗೆ ಬಿದ್ದ ಮೇಲೆ ಕುರ್ಚಿಯವರೂ ತಖ್ತ್‌ನವರೂ ಕಣ್ಣಿಗೆ ಕಣ್ಣಿಟ್ಟು ಮಾತಾಡಬಹುದು. ಇದು ಸಣ್ಣ ವಿಷಯವಲ್ಲ. ಒಬ್ಬರು ಮೇಲೆ, ಒಬ್ಬರು ಕೆಳಗೆ ಕುಳಿತ ಹಾಲ್‌ನಲ್ಲಿ ಮಾತು ಬೇಗ ಮುಗಿಯುತ್ತದೆ.

ಎರಡನೆಯದು, ಒಳ್ಳೆಯ ಮರಕ್ಕೆ ಬಣ್ಣ ಬಳಿಯಬಾರದು. ಹಲಸಿನ ಮರ ಕೊಯ್ದಾಗ ಅರಸಿನದ ಹಾಗೆ ಹಳದಿ, ವರ್ಷ ಕಳೆದಂತೆ ಕಂದು. ಆ ಕಂದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಆಚಾರಿಯವರು ಬಂದು ತಖ್ತ್‌ನ ಅಲುಗಾಡುವ ಕಾಲಿಗೆ ಬೆಣೆ ಹೊಡೆದರು, ಪಾಲಿಶ್ ಕಾಗದದಿಂದ ಉಜ್ಜಿದರು. ಹಲಗೆಯ ಮೇಲೆ ಕೈಯಾಡಿಸಿ, "ಇಷ್ಟು ಅಗಲದ ಹಲಸು ಈಗ ಮರಕ್ಕೇ ಹತ್ತು ಹದಿನೈದು ಸಾವಿರ ಆಗ್ತದೆ, ಗುಜರಿಗೆ ಯಾಕೆ ಕೊಡ್ತೀರಿ?" ಎಂದರು. ನಮ್ಮ ಅಕೌಂಟೆನ್ಸಿ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಸ್ಕ್ರಾಪ್ ಬೆಲೆ 800, ಅದನ್ನೇ ಹೊಸದಾಗಿ ಮಾಡಿಸುವ ಬೆಲೆ ಅದರ ಹದಿನೈದು ಪಟ್ಟು. ಅಬ್ಬಾ ಆ ದಿನ ಗುಜರಿಯವರ ಫೋನ್ ಎತ್ತಲಿಲ್ಲ.

ಗೆದ್ದಲಿಗೆ ನಮ್ಮೂರಿನ ಮದ್ದೇ ಉಂಟು, ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರು ಸಂಶೋಧನಾ ನಿರ್ದೇಶನಾಲಯವೇ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಇರುವ ತಾಲೂಕು ನಮ್ಮದು. ಆದರೆ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಕೈಗವಸು ಹಾಕಿಕೊಂಡು, ಕಾಲುಗಳ ತಳಭಾಗಕ್ಕೆ ಮಾತ್ರ ಹಚ್ಚಬೇಕು. ಕೂರುವ ಜಾಗಕ್ಕೆ ಬೇಡವೇ ಬೇಡ.

ಬಣ್ಣ ಬಳಿಯಬೇಕಾದದ್ದು ಮರದ ಗುಣವಿಲ್ಲದ ಸಾಮಾನಿಗೆ. ಸ್ಟೀಲ್ ಕಪಾಟನ್ನು ಉಜ್ಜಿ, ಲೋಹದ ಪ್ರೈಮರ್ ಕೊಟ್ಟು, ನವಿಲು ಬಣ್ಣದ ಇನಾಮಲ್ ಬಳಿದೆವು. ಟ್ರಂಕಿಗೂ ಅದೇ. ಮುಚ್ಚಿದ ಒಂದು ಹೋಟೆಲಿನಿಂದ ಕಲ್ಲಿನ ಹಲಗೆಯ ಮೇಜು ಸಿಕ್ಕಿತು, ಪರಿಚಯದವರ ಮನೆಯಿಂದ ಎರಡು ಬೆತ್ತದ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಗಳು ಸಿಟೌಟ್‌ಗೆ ಹೋದವು. ಒತ್ತು ಬಣ್ಣ ಕೋಣೆಯಲ್ಲಿ ಕಡಿಮೆಯೆಂದರೆ ಮೂರು ಕಡೆ, ಒಂದಕ್ಕೊಂದು ದೂರದಲ್ಲಿ ಕಾಣಿಸಬೇಕು. ಒಂದೇ ಕಡೆ ಇದ್ದರೆ ಅದು ಯಾರೋ ಮರೆತುಹೋದ ವಸ್ತುವಿನ ಹಾಗೆ. ಮೂರು ಕಡೆ ಇದ್ದರೆ ಬೇಕೆಂದೇ ಮಾಡಿದ್ದು ಎಂದು ಕಣ್ಣು ಒಪ್ಪುತ್ತದೆ. ಗೋಡೆ ಒಂದು ಬದಿ, ಕಪಾಟು ಎದುರು ಬದಿ, ನಡುವೆ ಅಮ್ಮಿ ಹೊಲಿದ ಕುಶನ್ ಕವರ್. ಪರದೆಯ ಬಟ್ಟೆಯಲ್ಲಿ ಉಳಿದದ್ದರಿಂದಲೇ ಕವರ್ ಆಯಿತು.

ಆದ ಖರ್ಚು ಹೀಗೆ: ಗೋಡೆಯ ಪ್ರೈಮರ್, ಬಣ್ಣ, ಕಾಗದ 1,150; ಇನಾಮಲ್ 420; ಆಚಾರಿಯವರ ಎರಡು ದಿನ 2,400; ಮೇಜು 1,500; ಬೆತ್ತದ ಕುರ್ಚಿ 1,200; ಬಟ್ಟೆ 1,350; ತಖ್ತ್‌ಗೆ ಹಾಸಿಗೆ 2,800. ಒಟ್ಟು 10,820 ರೂಪಾಯಿ. ಬಳಿಯುವ ಕೂಲಿ ಇದರಲ್ಲಿಲ್ಲ, ಆ ಗೋಡೆಯನ್ನು ಚಾಚಾ ಮತ್ತು ನಾನು ಬಳಿದೆವು. ಸಂಬಳವಿಲ್ಲದ ದುಡಿಮೆಯನ್ನು ಖರ್ಚಿಗೆ ಸೇರಿಸಬೇಕೆಂದು ನಮ್ಮ ಎಕನಾಮಿಕ್ಸ್ ಲೆಕ್ಚರರ್ ಹೇಳಿದರೆ ಒಪ್ಪುತ್ತೇನೆ. ಸಂಬಳ ಕೊಡುವವರನ್ನು ತೋರಿಸಲಿ.

ಒತ್ತು ಬಣ್ಣ ಸೋಲುವ ಒಂದು ಜಾಗ ಉಂಟು, ಅದನ್ನೂ ಹೇಳಬೇಕು. ದಾದಿಯ ಕಣ್ಣಿಗೆ ಪೊರೆ ಬಂದಿದೆ. ಹಾಲ್‌ನಿಂದ ಬಚ್ಚಲಿನ ಕಡೆ ಹೋಗುವಾಗ ಎರಡು ಮೆಟ್ಟಿಲು ಇಳಿಯಬೇಕು. ಮೆಟ್ಟಿಲಿನ ಅಂಚಿಗೂ ಅದೇ ನವಿಲು ಬಣ್ಣ ಹೊಡೆದರೆ ಚೆಂದ ಎಂದು ತಮ್ಮ ಹೇಳಿದ. ನಮಗೆ ಇಟ್ಟಿಗೆ ಕೆಂಪು ಮತ್ತು ನವಿಲು ನೀಲಿ ಬೇರೆ ಬೇರೆಯೇ. ಆದರೆ ಎರಡೂ ಸುಮಾರು ಒಂದೇ ಪ್ರಮಾಣದಲ್ಲಿ ಗಾಢ. ಪೊರೆ ಬಂದ ಕಣ್ಣಿಗೆ ಬಣ್ಣದ ವ್ಯತ್ಯಾಸಕ್ಕಿಂತ ಬೆಳಕಿನ ವ್ಯತ್ಯಾಸ ಮುಖ್ಯ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದರೆ ಸಾಕು, ಎರಡೂ ಒಂದೇ ಬೂದಿಯಾಗಿ ಅಂಚು ಮಾಯವಾಗುತ್ತದೆ. ಆದ್ದರಿಂದ ಅಲ್ಲಿಗೆ ಎರಡು ಇಂಚಿನ ಬಿಳಿ ಪಟ್ಟಿ. ಸ್ವಿಚ್ ಬೋರ್ಡಿನ ಕಥೆ ತಿರುಗಾಮುರುಗಾ: ಗಾಢ ಗೋಡೆಯ ಮೇಲೆ ಬಿಳಿ ಬೋರ್ಡ್ ಇದೆ, ದಾದಿಯ ಕೈ ಈಗ ನೇರ ಅಲ್ಲಿಗೇ ಹೋಗುತ್ತದೆ. ಹಿರಿಯರಿರುವ ಮನೆಯವರು ಬಣ್ಣ ಆರಿಸುವ ಮೊದಲು ಈ ಕಪ್ಪುಬಿಳುಪು ಫೋಟೋ ಪರೀಕ್ಷೆ ಮಾಡಿ ನೋಡಿ.

ಗಂಡಿನ ಕಡೆಯವರು ಬಂದು ಹೋದರು. ಅವರಲ್ಲಿ ಹಿರಿಯ ಹೆಂಗಸರು ಬೆತ್ತದ ಕುರ್ಚಿ ಬಿಟ್ಟು ತಖ್ತ್ ಮೇಲೆ ದಾದಿಯ ಪಕ್ಕ ಕಾಲು ಮಡಚಿ ಕುಳಿತರು. ಮಾತುಕತೆ ಇನ್ನೂ ನಡೆಯುತ್ತಿದೆ, ಅದಕ್ಕೂ ಬಣ್ಣಕ್ಕೂ ಸಂಬಂಧ ಕಟ್ಟುವುದು ಬೇಡ.

ಉಳಿದ ಸ್ವಲ್ಪ ಬಣ್ಣವನ್ನು ಎಸೆಯಬೇಡಿ. ಗಟ್ಟಿಯಾಗಿ ಮುಚ್ಚಿ, ಶೇಡ್ ನಂಬರು ಮತ್ತು ತಾರೀಕನ್ನು ಮುಚ್ಚಳದ ಮೇಲೆ ಬರೆದಿಡಿ. ಮುಂದೆ ಗೀರು ಬಿದ್ದಾಗ ಅದೇ ಡಬ್ಬಿಯ ಬಣ್ಣವೇ ಸರಿಯಾಗಿ ಹೊಂದುವುದು. ನಮ್ಮ ಮನೆಯಲ್ಲಿ ಈಗ ಬಾಕಿ ಇರುವುದು ಮಲಗುವ ಕೋಣೆಗಳು. ತಮ್ಮನಿಗೆ ತನ್ನ ಕೋಣೆಯ ನಾಲ್ಕೂ ಗೋಡೆ ಕಪ್ಪು ಬೇಕಂತೆ. ಆ ಕೋಣೆಯ ಪಶ್ಚಿಮದ ಗೋಡೆ ಇನ್ನೂ ಆರಿಲ್ಲ, ಡಿಸೆಂಬರ್‌ವರೆಗೆ ಸಮಯ ಉಂಟು. ಡ್ರಾಯಿಂಗ್ ಶೀಟಿಗೆ ಕಪ್ಪು ಬಳಿದು ಅವನ ಹಾಸಿಗೆಯ ಎದುರಿಗೆ ಅಂಟಿಸಿದ್ದೇನೆ.